ಹಿಮ್ಮುಖನಾದ ಸಾರಥಿ

ಯುದ್ಧಯಂತ್ರದ ವಿಚಾರಕ್ಕೆ ಗೃಹಸ್ಥರು ಓದುವ ಪತ್ರಿಕೆಯಲ್ಲಿ ಎಡೆಯೇಕೆಂದು ವಾಚಕರು ಕೇಳಬಹುದು. ಕೊಲ್ಲುವ ಸಾಧನಗಳನ್ನು ಕೊಂಡಾಡುವ ಚಪಲವು ನಮಗಿಲ್ಲ. ಆದರೆ ಎರಡನೆಯ ಮಹಾಯುದ್ಧವು ಮುಗಿದ ಮೇಲೆ ಫ್ರೆಂಚರು ನಿರ್ಮಿಸಿದ ಒಂದು ಬೇಹಿನ ಗಾಡಿಯ ವೃತ್ತಾಂತವನ್ನು ಓದಿದಂದಿನಿಂದ ಅದರ ಒಂದು ಅಂಗವು ನಮ್ಮ ಮನಸ್ಸಿನಲ್ಲಿ ಬೇರೂರಿ ನಿಂತಿದೆ. ಆ ಗಾಡಿಗೆ ಇಬ್ಬರು ಸಾರಥಿಗಳು. ಒಬ್ಬನು ಮುಂದಕ್ಕೆ ಮುಖಮಾಡಿ ಕುಳಿತಿರುವನು. ಇನ್ನೊಬ್ಬನು ಹಿಂದಕ್ಕೆ ಮುಖಮಾಡಿ ಕುಳಿತಿರುವನು.

ಬೇಹಿನವನ ಧರ್ಮವು ಕಾದಾಳಿನ ಧರ್ಮದಂತಲ್ಲ. ಕಾದಾಳು ಗೆಲ್ಲಬೇಕು; ಬೇಹಿನವನು ನೋಡಬೇಕು, ನೋಡಿದುದನ್ನು ತನ್ನವರಿಗೆ ಮುಟ್ಟಿಸಬೇಕು. ಸೀತಾದೇವಿಯನ್ನು ಕಂಡ ಹನುಮಂತನು ಲಂಕೆಯಲ್ಲಿಯೇ ಉಳಿದುಬಿಟ್ಟಿದ್ದರೆ ಶ್ರೀರಾಮನಿಗೆ ಆದ ಪ್ರಯೋಜನವೇನು? ಲಂಕೆಯನ್ನು ಸುಟ್ಟುದಕ್ಕಿಂತಲೂ ಚೂಡಾಮಣಿಯೊಡನೆ ಮರಳಿ ಬಂದುದೇ ಅವನ ಹಿರಿಮೆ.

ಪ್ಯಾರಿಸಿನ ಪಾನ್‌ಹಾರ್ ಎಂಬ ಮೋಟಾರು ಕಂಪೆನಿಯವರು ಇಂತಹ ಗಾಡಿಯನ್ನು ಯುದ್ಧಕ್ಕೆ ಮೊದಲೇ ಕಲ್ಪಿಸಿದ್ದರು. ಅವರಲ್ಲಿದ್ದ ಲೂಯಿ ದೆಲಗಾರ್ದ್ ಎಂಬ ಎಂಜಿನಿಯರರು ಎಂಟು ಚಕ್ರಗಳ ಮಾದರಿಯೊಂದನ್ನು ರೂಪಿಸಿದರು. ಅಷ್ಟರಲ್ಲಿ, ೧೯೪೦ರ ಜೂನ್ ತಿಂಗಳಲ್ಲಿ, ಫ್ರಾನ್ಸು ಜರ್ಮನರಿಗೆ ಸೋತಿತು. ಮಾದರಿಯನ್ನು ಉತ್ತರ ಆಫ್ರಿಕಕ್ಕೆ ಸಾಗಿಸಿದರು. ಅಲ್ಲಿ ಅದು ಕಳೆದೇ ಹೋಯಿತು. ಗಾಡಿ ಹೋದರೂ ಕಲ್ಪನೆ ಉಳಿದಿತ್ತು. ಯುದ್ಧಾನಂತರ ಫ್ರೆಂಚ್ ಸೇನೆಯು ಹೊಸ ಬೇಹಿನ ಗಾಡಿಯನ್ನು ಬೇಡಿದಾಗ ಪಾನ್‌ಹಾರ್‌ನವರು ಹಳೆಯ ಕಲ್ಪನೆಯನ್ನೇ ತಿದ್ದಿ ಬೆಳಸಿದರು. ೧೯೪೯ರಲ್ಲಿ ಸೇನೆಯು ಅವರ ಗಾಡಿಯನ್ನೇ ಆರಿಸಿತು. ಇ. ಬಿ. ಆರ್. ಎಂಬುದು ಅದರ ಹೆಸರು; ಕವಚ ತೊಟ್ಟ ಬೇಹಿನ ಯಂತ್ರವೆಂದು ಅದರ ಅರ್ಥ. ೧೯೬೦ರವರೆಗೆ ಸುಮಾರು ೧೨೦೦ ಗಾಡಿಗಳು ತಯಾರಾದುವು.

ಅದರ ರಚನೆ ವಿಚಿತ್ರವಾದುದು. ಎಂಟು ಚಕ್ರಗಳಲ್ಲಿ ಮುಂದಿನ ಎರಡಕ್ಕೂ ಹಿಂದಿನ ಎರಡಕ್ಕೂ ರಬ್ಬರು ಟೈರುಗಳು. ನಡುವಣ ನಾಲ್ಕು ಚಕ್ರಗಳು ಲೋಹದವು. ಅವುಗಳ ಅಂಚಿಗೆ ನೆಲವನ್ನು ಕಚ್ಚುವ ಉಕ್ಕಿನ ಹಲ್ಲುಗಳು. ಹೆದ್ದಾರಿಯಲ್ಲಿ ಈ ನಾಲ್ಕನ್ನೂ ಮೇಲಕ್ಕೆತ್ತಿಕೊಂಡು ಗಾಡಿಯು ಗಂಟೆಗೆ ನೂರು ಕಿಲೋಮೀಟರಿಗೂ ಮಿಗಿಲಾದ ವೇಗದಲ್ಲಿ ಓಡುವುದು; ಕೆಸರು ಗದ್ದೆ ಬಂದೊಡನೆ ಅವನ್ನು ಇಳಿಬಿಡುವುದು. ಸುಮಾರು ೧೩ ಟನ್ನು ಭಾರದ ಆ ದೇಹದೊಳಗೆ ನಾಲ್ವರಿಗೆ ಸ್ಥಳ: ಸಾರಥಿಗಳಿಬ್ಬರು, ಗೋಪುರದಲ್ಲಿ ನಾಯಕನೊಬ್ಬನು, ಫಿರಂಗಿಯವನೊಬ್ಬನು. ವೈರಿಯ ಇದಿರಿಗೆ ಥಟ್ಟನೆ ಸಿಕ್ಕಿದರೆ ಗಾಡಿಯನ್ನು ತಿರುಗಿಸಿಕೊಳ್ಳುವ ಪ್ರಯಾಸವಿಲ್ಲ. ಹಿಂದಿನ ಸಾರಥಿಯು ಚುಕ್ಕಾಣಿಯನ್ನು ವಹಿಸಿಕೊಂಡರೆ ಸಾಕು. ಹೋದ ವೇಗದಲ್ಲಿಯೇ ಮರಳಬಹುದು.

ಈ ಅನುಕೂಲಕ್ಕೆ ಬೆಲೆಯನ್ನೂ ತೆರಬೇಕಾಯಿತು. ಎರಡು ತುದಿಗಳಲ್ಲಿಯೂ ಸಾರಥಿಗಳು ಕುಳಿತ ಮೇಲೆ ಎಂಜಿನಿಗೆ ಎಡೆಯೆಲ್ಲಿ? ಹನ್ನೆರಡು ಸಿಲಿಂಡರುಗಳನ್ನು ಎದುರುಬದುರಾಗಿ ಮಲಗಿಸಿ, ಚಪ್ಪಟೆಯಾದ ಎಂಜಿನನ್ನು ರಚಿಸಿ, ಗೋಪುರದ ನೆಲದಡಿಯಲ್ಲಿ ಹುದುಗಿಸಿದರು. ಗಾಡಿ ತಗ್ಗಾಗಿ ಉಳಿಯಿತು, ನಿಜ. ಆದರೆ ಎಂಜಿನನ್ನು ಹೊರತೆಗೆಯಬೇಕಾದರೆ ಮೊದಲು ಗೋಪುರವನ್ನೇ ಎತ್ತಿ ಇಳಿಸಬೇಕು. ಮರಳಿ ಬರುವ ಭಾಗ್ಯವು ಎಲ್ಲಿಯೂ ಪುಕ್ಕಟೆಯಾಗಿ ದೊರೆಯುವುದಿಲ್ಲ.

ನಮ್ಮ ಅಕ್ಕನವರ ಮಗನು ಸೈನ್ಯದಲ್ಲಿದ್ದಾನೆ. ಗಡಿಯ ಠಾಣ್ಯದಿಂದ ಅವನ ದೂರವಾಣಿಯ ಕರೆ ಬಾರದ ದಿನ ಅಕ್ಕನವರಿಗೆ ತುತ್ತು ಗಂಟಲಲ್ಲಿ ಇಳಿಯುವುದಿಲ್ಲ. ಒಂದು ಸಂಜೆ ಅವರಿಗೆ ಈ ಗಾಡಿಯ ವಿಷಯವನ್ನು ಹೇಳಿದೆವು. ವೇಗ, ಫಿರಂಗಿ ಯಾವುದನ್ನೂ ಅವರು ಕಿವಿಗೆ ಹಾಕಿಕೊಳ್ಳಲಿಲ್ಲ.

“ಹೋಗುವಾಗಲೆಲ್ಲ ಆ ಹಿಂದಿನ ಹುಡುಗ ಸುಮ್ಮನೆ ಕೂತಿರಬೇಕೇನೋ? ಎಲ್ಲಿಗೆ ಹೋಗುತ್ತಿದ್ದೇನೆಂದೂ ಅವನಿಗೆ ಕಾಣಿಸದೆ?” ಎಂದರು.

“ಹೌದಕ್ಕ, ಬಿಟ್ಟುಬಂದ ದಾರಿ ಮಾತ್ರ ಕಾಣಿಸುತ್ತದೆ.”

“ಅಷ್ಟು ಕಂಡರೆ ಸಾಕಪ್ಪ. ಮನೆಗೆ ಬರುವ ದಾರಿ ಅದೇ ತಾನೆ?”

ಈ ಮಾತಿನ ಮುಂದೆ ನಮ್ಮ ಪಾಂಡಿತ್ಯವು ಮೂಕವಾಯಿತು. ಹಿಂದಿರುಗುವುದನ್ನು ನಾವು ಗಂಡಸರು ಅವಮಾನವೆಂದೆಣಿಸುತ್ತೇವೆ. ವ್ಯಾಪಾರದಲ್ಲಿ ನಷ್ಟ ಕಂಡರೂ, ವ್ಯಾಜ್ಯದಲ್ಲಿ ಮನೆ ಮುಳುಗುತ್ತಿದ್ದರೂ, ಇಟ್ಟ ಹೆಜ್ಜೆಯನ್ನು ತೆಗೆಯುವುದಿಲ್ಲವೆಂದು ಬೀಗುತ್ತೇವೆ. ಉತ್ತರಕುಮಾರನ ಪಲಾಯನ ಬೇರೆ, ಹನುಮಂತನ ಪುನರಾಗಮನ ಬೇರೆ ಎಂಬ ವಿವೇಕವು ನಮಗೆ ಹೊತ್ತಿಗೆ ಸರಿಯಾಗಿ ಹೊಳೆಯುವುದಿಲ್ಲ.

ರಾಷ್ಟ್ರಗಳ ಪಾಡೂ ಇಷ್ಟೆ. ಅಲ್ಜೀರಿಯದ ಜನರು ೧೯೫೪ರಲ್ಲಿ ಸ್ವಾತಂತ್ರ್ಯಕ್ಕಾಗಿ ಎದ್ದಾಗ ಫ್ರೆಂಚರು ಈ ಗಾಡಿಗಳನ್ನು ಅಲ್ಲಿಯೂ ಓಡಿಸಿದರು. ಗಾಡಿಯೊಳಗಿದ್ದವರಿಗೆ ದಾರಿ ಕಾಣುತ್ತಿತ್ತು, ಗುಡ್ಡ ಕಾಣುತ್ತಿತ್ತು; ಪರರ ಆಳ್ವಿಕೆಯನ್ನು ಒಲ್ಲದ ಜನರ ಮನಸ್ಸು ಕಾಣುವುದು ಹೇಗೆ? ಯಂತ್ರಕ್ಕೆ ಮರಳುವ ಉಪಾಯವನ್ನು ಕಲಿಸಿದ ದೇಶವು ತಾನು ಮರಳುವುದನ್ನು ಕಲಿಯಲು ಸುಮಾರು ಎಂಟು ವರ್ಷ ಹಿಡಿಯಿತು. ಅಷ್ಟರೊಳಗೆ ಎರಡು ಕಡೆಗಳಲ್ಲಿಯೂ ಎಷ್ಟೋ ತಾಯಂದಿರ ಮಕ್ಕಳು ಮನೆಗೆ ಬಾರದೆ ಹೋದರು. ಕಡೆಗೆ ೧೯೬೨ರಲ್ಲಿ ಅಲ್ಜೀರಿಯ ಸ್ವತಂತ್ರವಾಯಿತು. ತನ್ನವರಲ್ಲಿಯೇ ಹಲವರ ದ್ವೇಷವನ್ನು ಕಟ್ಟಿಕೊಂಡು ಆ ಹಿಂದಿರುಗುವಿಕೆಯನ್ನು ನಡೆಸಿದವರು ರಾಷ್ಟ್ರಾಧ್ಯಕ್ಷರಾಗಿದ್ದ ಜನರಲ್ ದ ಗಾಲ್.

ಆ ದ ಗಾಲ್‌ರವರು ೧೯೭೦ರ ನವೆಂಬರ್ ೯ರಂದು ತೀರಿಕೊಂಡರು. ಮೂರು ದಿನಗಳ ಮೇಲೆ, ಕೊಲೊಂಬೆ ಎಂಬ ಅವರ ಹಳ್ಳಿಯಲ್ಲಿ, ಶವಪೆಟ್ಟಿಗೆಯನ್ನು ಇಗರ್ಜಿಗೆ ಹೊತ್ತುದು ಇದೇ ಜಾತಿಯ ಗಾಡಿ. ಅಂದು ಅದರ ಗೋಪುರವನ್ನು ಕಳಚಿದ್ದರು, ಫಿರಂಗಿ ಇರಲಿಲ್ಲ. ಅವರ ಸೇನೆ ಈಗ ಬೇರೆ ಗಾಡಿಗಳನ್ನು ಬಳಸುತ್ತಿದೆ, ಇ. ಬಿ. ಆರ್. ವಸ್ತುಸಂಗ್ರಹಾಲಯಗಳನ್ನು ಸೇರಿದೆ. ಮನೆಯೆಂಬ ಗಾಡಿಯನ್ನು ನಡಸುವ ನಾವು ಅದರ ಫಿರಂಗಿಯನ್ನು ಮರೆಯಬಹುದು. ಆ ಹಿಂದಿನ ಪೀಠವನ್ನು ಮಾತ್ರ ಮರೆಯಬಾರದು.