ಒಂದು ಟಿ.ವಿ., ಎರಡು ಕಿವಿ

ಇಂಗ್ಲಿಷ್ ಸಾಹಿತ್ಯದಲ್ಲಿ ಬಿ.ಎ. ಮಾಡಿಕೊಂಡು ಮನೆಯಲ್ಲಿ ಕುಳಿತವಳಿಗೆ ಆ ಓದಿನಿಂದ ಏನು ಉಪಯೋಗವಾಯಿತು ಎಂದು ಯಾರಾದರೂ ಕೇಳಿದರೆ ಮೊದಲೆಲ್ಲ ಮಾತು ಮರೆಸುತ್ತಿದ್ದೆ. ಈಗ ಧೈರ್ಯವಾಗಿ ಹೇಳುತ್ತೇನೆ. ಮಿಕ್ಸರು, ವಾಷಿಂಗ್ ಮಷೀನು, ಇನ್ವರ್ಟರು ಹೀಗೆ ಮನೆಗೆ ಬಂದ ಯಾವುದೇ ಯಂತ್ರದ ಜೊತೆಗಿರುವ ಸಣ್ಣಕ್ಷರದ ಪುಸ್ತಿಕೆಯನ್ನು ಮೊದಲ ಪುಟದಿಂದ ಕೊನೆಯವರೆಗೆ ಓದುವವಳು ನಮ್ಮಲ್ಲಿ ನಾನೊಬ್ಬಳೇ. ಮಿಲ್ಟನ್ನನ ಅರ್ಧ ಪುಟದ ವಾಕ್ಯಗಳಿಗೆ ಕರ್ತೃ ಕ್ರಿಯಾಪದ ಹುಡುಕಿ ಬಂದವಳಿಗೆ ಇದೇನು ಮಹಾ! ಹೀಗಾಗಿಯೇ 2008ರಲ್ಲಿ ಕಂಪ್ಯೂಟರಿನೊಳಗೆ ಕೂರಿಸುವ ಜೋಡಿ ಟಿ.ವಿ. ಟ್ಯೂನರ್ ಕಾರ್ಡನ್ನು ಆರಿಸುವ ಹೊಣೆ, ಎಂಜಿನಿಯರಾದ ನಮ್ಮವರನ್ನು ಬಿಟ್ಟು ನನ್ನ ತಲೆಗೆ ಬಂತು.

ಅದರ ಹಿಂದಿನ ಕಥೆ ಇಷ್ಟು. 2007ರ ದೀಪಾವಳಿ ಮುಗಿಸಿ ಅತ್ತೆಯವರು ಧಾರವಾಡದ ಮನೆಗೆ ಬೀಗ ಹಾಕಿ ನಮ್ಮ ಕೋಥ್ರೂಡಿನ ಮನೆಗೆ ಬಂದರು. ಮಾವನವರು ಹೋಗಿ ವರ್ಷವಾಗಿತ್ತು. ಧಾರವಾಡದಲ್ಲಿ ಮನೆಯ ಮುಂದೆ ಕಟ್ಟೆ ಇತ್ತು, ಸಂಜೆಯಾದರೆ ಕಟ್ಟೆಯ ಮೇಲೆ ನಾಲ್ಕು ಜನ ಇರುತ್ತಿದ್ದರು. ಇಲ್ಲಿ ಮೂರನೆಯ ಮಹಡಿ, ಮುಚ್ಚಿದ ಬಾಗಿಲು. ಅಕ್ಕಪಕ್ಕದವರು ಒಳ್ಳೆಯವರೇ, ಆದರೆ ಅತ್ತೆಯವರ ಮರಾಠಿ ಭಾಜಿ ಕೊಳ್ಳಲು ಸಾಕು, ಸುಖದುಃಖ ಹೇಳಿಕೊಳ್ಳಲು ಸಾಲದು. ಬೆಳಗಾದರೆ ನಮ್ಮವರು ಕಚೇರಿಗೆ, ಮಗ ಶಾಲೆಗೆ, ನಾನು ಒಲೆಯ ಮುಂದೆ. ಮೈಸೂರು ಕಡೆಯವಳಾದ ನನ್ನ ಕನ್ನಡವೂ ಅವರಿಗೆ ಪೂರ್ತಿ ರುಚಿಸುತ್ತಿರಲಿಲ್ಲವೆನ್ನಿ! "ಇಲ್ಲೆ ನನ್ನ ಕೂಡ ಕನ್ನಡದಾಗ ಮಾತಾಡೋದು ಆ ಟಿ.ವಿ. ಒಂದ ನೋಡವಾ" ಎಂದು ನಗುತ್ತಲೇ ಅನ್ನುತ್ತಿದ್ದರು.

ಟಿ.ವಿ.ಯಲ್ಲಿ ಕನ್ನಡ ಸಿಗುತ್ತಿದ್ದುದೂ ನಮ್ಮ ಪುಣ್ಯ. ನಮ್ಮಲ್ಲಿ ಬಹಳ ಮಂದಿಗೆ ನೆನಪಿರಬಹುದು, ಮುಂಬಯಿ ದೂರದರ್ಶನ ಶುರುವಾದದ್ದು 1972ರಲ್ಲಿ. ಮರುವರ್ಷ ಸಿಂಹಗಡದ ಮೇಲಿನ ಪ್ರಸಾರ ಗೋಪುರದಿಂದ ಅದು ಪುಣೆಗೆ ಬಂತು. ಆಗ ಇದ್ದದ್ದೇ ಒಂದು ಚಾನೆಲ್, ಅದರಲ್ಲಿ ಕನ್ನಡದ ಮಾತೇ ಇಲ್ಲ. 1994ರಲ್ಲಿ ಉದಯ ಟಿ.ವಿ., 2000ದ ಕೊನೆಗೆ ಈಟಿವಿ ಕನ್ನಡ ಹುಟ್ಟಿದ ಮೇಲೆ, ನಮ್ಮ ಬಡಾವಣೆಯ ಏಳೆಂಟು ಕನ್ನಡದ ಮನೆಗಳವರು ಕೇಬಲ್ಲಿನವನನ್ನು ಹಿಂದೆಬಿದ್ದು ಕಾಡಿ ಅವೆರಡನ್ನೂ ಹಾಕಿಸಿಕೊಂಡಿದ್ದೆವು. ಅವನೂ ಹಾಕಿದ, ಆದರೆ ಚಾನೆಲ್ಲುಗಳ ಸಾಲಿನ ಕಟ್ಟಕಡೆಗೆ, ಹೈಪರ್ ಬ್ಯಾಂಡ್ ಅನ್ನುತ್ತಾರಲ್ಲ, ಅಲ್ಲಿ. ಚಿತ್ರದ ಮೇಲೆ ಸದಾ ಸಾಬುದಾಣಿ ಚೆಲ್ಲಿದ ಹಾಗೆ ಚುಕ್ಕೆ.

2008ರ ಏಪ್ರಿಲ್ 18ಕ್ಕೆ ಐ.ಪಿ.ಎಲ್. ಎಂಬುದು ಶುರುವಾಯಿತು. ಮೊದಲ ಪಂದ್ಯವೇ ಬೆಂಗಳೂರಿನಲ್ಲಿ. ನಮ್ಮ ಬೆಂಗಳೂರು ತಂಡವನ್ನು ಎದುರಿಗಿಟ್ಟುಕೊಂಡು ಕೋಲ್ಕತ್ತದ ಮೆಕಲಮ್ ಔಟಾಗದೆ 158 ಹೊಡೆದ. ತಂದೆ ಮಗ ಸೋಫಾದ ತುದಿಯಲ್ಲಿ ಕುಳಿತು ಹಾಹಾಕಾರ ಮಾಡುತ್ತಿದ್ದರೆ ಅತ್ತೆಯವರು ತಮ್ಮ ಧಾರಾವಾಹಿಯ ಹೊತ್ತು ಮೀರುವವರೆಗೆ ಸುಮ್ಮನೆ ಕುಳಿತಿದ್ದು, ಆಮೇಲೆ ಎದ್ದು ಒಳಗೆ ಹೋಗಿ ಮಲಗಿದರು. ಕ್ರಿಕೆಟ್ಟು ಒಂದು ದಿನದ್ದಲ್ಲ, ಒಂದೂವರೆ ತಿಂಗಳದ್ದು. ನಾಲ್ಕನೆಯ ದಿನ ಬೆಳಿಗ್ಗೆ ಚಹ ಕುಡಿಯುತ್ತ, "ಧಾರವಾಡಕ್ಕ ಹೋಗೋ ರೈಲು ಎಷ್ಟಕ್ಕ ಅದ, ಕೇಳಿ ಇಡು" ಎಂದರು. ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟು ಮಾಡಿದ್ದರೆ ಸಮಾಧಾನ ಮಾಡಬಹುದಿತ್ತು.

ನಮ್ಮವರ ಪರಿಹಾರ ಸಿದ್ಧವಿತ್ತು: ಒಳಕೋಣೆಗೆ ಒಂದು ಚಿಕ್ಕ ಟಿ.ವಿ. ನಾಲ್ಕು ಜನ ಮಾಡುವುದೂ ಅದನ್ನೇ. ನನಗೆ ಮಾತ್ರ ಅದು ಒಪ್ಪಿಗೆಯಾಗಲಿಲ್ಲ. ಎಪ್ಪತ್ತೆರಡು ವರ್ಷದ ಹೆಂಗಸನ್ನು ಕಟ್ಟೆಯಿಂದ ಎಬ್ಬಿಸಿ ಹಾಲಿಗೆ ಕರೆತಂದಿದ್ದೆವು. ಈಗ ಹಾಲಿನಿಂದ ಎಬ್ಬಿಸಿ ಕೋಣೆಗೆ ಕಳಿಸುವುದೇ? ಒಮ್ಮೆ ಕೋಣೆಯೊಳಗೆ ಟಿ.ವಿ. ಹೋಯಿತೆಂದರೆ ಅದರ ಹಿಂದೆ ಊಟದ ತಟ್ಟೆಯೂ ಹೋಗುತ್ತದೆ, ಇದನ್ನು ನಾನು ಎಷ್ಟು ಮನೆಗಳಲ್ಲಿ ಕಂಡಿಲ್ಲ!

ಪ್ರತಿ ಭಾನುವಾರ ಊಟಕ್ಕೆ ಬರುತ್ತಿದ್ದ ನನ್ನ ತಂಗಿಯ ಮಗ, ಇಲ್ಲೇ ಎಂಜಿನಿಯರಿಂಗ್ ಓದುತ್ತಿದ್ದವನು, ಆಗ ಈ ಜೋಡಿ ಟ್ಯೂನರಿನ ಮಾತು ತೆಗೆದ. ಮನೆಯ ಕಂಪ್ಯೂಟರನ್ನು ಟಿ.ವಿ.ಯ ಕೆಳಗಿಟ್ಟು, ಒಳಗೆ ಒಂದು ಕಾರ್ಡು ಕೂರಿಸಿದರೆ, ಒಂದು ಚಾನೆಲ್ ನೋಡುತ್ತಿರುವಾಗಲೇ ಇನ್ನೊಂದು ಚಾನೆಲ್ ತಾನಾಗಿ ಮುದ್ರಣವಾಗುತ್ತದೆ. ಆಮೇಲೆ ಬೇಕಾದಾಗ ನೋಡಬಹುದು. ಅದಕ್ಕೆ 'ಹೋಮ್ ಥಿಯೇಟರ್ ಕಂಪ್ಯೂಟರ್' ಎಂಬ ದೊಡ್ಡ ಹೆಸರು ಬೇರೆ.

ಟ್ಯೂನರ್ ಎಂದರೆ ಏನೆಂದು ಅತ್ತೆಯವರಿಗೆ ಹೇಳುವುದು ಕಷ್ಟವಾಗಲಿಲ್ಲ. 1950ರಲ್ಲಿ ಧಾರವಾಡ ಆಕಾಶವಾಣಿ ಆರಂಭವಾದಾಗಿನಿಂದ ಊರಿನಲ್ಲಿ ರೇಡಿಯೋ ಕೇಳಿ ಬೆಳೆದವರು. ಬಿರಡೆ ತಿರುವಿದರೆ ಕೆಂಪು ಸೂಜಿ ಸರಿದು ಒಂದು ಸ್ಟೇಷನ್ನಿಗೆ ನಿಲ್ಲುತ್ತದಲ್ಲ, ಆ ಸೂಜಿಯ ಕೆಲಸವೇ ಟ್ಯೂನರಿನದು. ಸೂಜಿ ಒಂದೇ ಇದ್ದರೆ ಒಂದೇ ಸ್ಟೇಷನ್. ಎರಡು ಬೇಕೆಂದರೆ ಎರಡು ಸೂಜಿ. "ಅಂದ್ರ ಡಬ್ಬಿಗೆ ಎರಡು ಕಿವಿ ಅವ ಅನ್ನು" ಎಂದರು. ಅಷ್ಟೇ ವಿಷಯ. ಉಳಿದದ್ದೆಲ್ಲ ಆ ಕಿವಿ ಎಂಥದ್ದು ಎಂಬ ಪ್ರಶ್ನೆ.

ಇನ್ನು ಆಯ್ಕೆ. ತಪ್ಕೀರ್ ಗಲ್ಲಿಯ ಹತ್ತಿರದ ಅಂಗಡಿಗಳಲ್ಲಿ ಅಗ್ಗದ ಒಂಟಿ ಕಾರ್ಡುಗಳು ಬೇಕಾದಷ್ಟಿದ್ದವು. ಎರಡು ಕೊಂಡು ಹಾಕಿಬಿಡಿ ಎಂದು ಅಂಗಡಿಯವರ ಸಲಹೆ. ಆದರೆ ಪೆಟ್ಟಿಗೆಯ ಮೇಲಿನ ಸಣ್ಣಕ್ಷರ ಓದಿದಾಗ ತಿಳಿದದ್ದೇನೆಂದರೆ, ಅಂಥ ಕಾರ್ಡು ಬರೀ ಚಿತ್ರವನ್ನು ಹಿಡಿದು ಕೊಡುತ್ತದೆ, ಅದನ್ನು ಕುಗ್ಗಿಸಿ ಬರೆದಿಡುವ ದುಡಿಮೆಯೆಲ್ಲ ಕಂಪ್ಯೂಟರಿನ ಮೇಲೆಯೇ. ಕುಗ್ಗಿಸದೆ ಇಟ್ಟರೆ ಒಂದು ಗಂಟೆಯ ಚಿತ್ರಕ್ಕೆ ಸುಮಾರು 75 ಗಿಗಾಬೈಟ್ ಜಾಗ ಬೇಕು. ನಮ್ಮ ಡಿಸ್ಕು ಇದ್ದದ್ದೇ 160ರದ್ದು! ಎಂಪೆಗ್-2 ಎಂಬ ರೀತಿಯಲ್ಲಿ ಕುಗ್ಗಿಸಿದರೆ ಅದೇ ಗಂಟೆ ಎರಡು ಮೂರು ಗಿಗಾಬೈಟಿನಲ್ಲಿ ಮುಗಿಯುತ್ತದೆ. ಎರಡೆರಡು ಚಾನೆಲ್ಲನ್ನು ಒಟ್ಟಿಗೆ ಕುಗ್ಗಿಸು ಎಂದರೆ ನಮ್ಮ ಹಳೆಯ ಕಂಪ್ಯೂಟರು ಏದುಸಿರು ಬಿಡುವುದು ಖಂಡಿತ. ಆದ್ದರಿಂದ ಕುಗ್ಗಿಸುವ ಚಿಪ್ಪು ಕಾರ್ಡಿನ ಮೇಲೆಯೇ ಇರಬೇಕು, ಅದೂ ಪ್ರತಿ ಟ್ಯೂನರಿಗೆ ಒಂದೊಂದು. ಒಂದು ಮೊಸರಿನ ಗಡಿಗೆಗೆ ಒಂದು ಕಡಗೋಲು, ಹಾಗೆ.

ಇಷ್ಟು ತಿಳಿಯುವಷ್ಟರಲ್ಲಿ ನ್ಯೂಜೆರ್ಸಿಯಲ್ಲಿರುವ ಮೈದುನನಿಗೆ ಸುದ್ದಿ ಹೋಗಿ, "ಇಲ್ಲಿ ಸೋವಿ ವೈನಿ, ಜೂನ್‌ನಲ್ಲಿ ಬರುವಾಗ ನಾನೇ ತರುತ್ತೇನೆ" ಎಂದ. ಎಲ್ಲರಿಗೂ ಸಂತೋಷ. ನಾನು ಅವನಿಂದ ಕಾರ್ಡಿನ ಪೂರ್ತಿ ವಿವರ ತರಿಸಿಕೊಂಡು ಓದಿದೆ. ಅದರಲ್ಲಿ 'ಎನ್.ಟಿ.ಎಸ್.ಸಿ.' ಎಂಬ ನಾಲ್ಕಕ್ಷರ. ಅಮೆರಿಕದ ಹಳೆಯ ಟಿ.ವಿ. ಪದ್ಧತಿ ಅದು: ಚಿತ್ರಕ್ಕೆ 525 ಗೆರೆ, ಸೆಕೆಂಡಿಗೆ ಸುಮಾರು 30 ಚಿತ್ರ. ನಮ್ಮದು 'ಪಾಲ್' ಪದ್ಧತಿ: 625 ಗೆರೆ, 25 ಚಿತ್ರ. ಚಾನೆಲ್ಲುಗಳ ನಡುವಿನ ಅಂತರವೂ ಬೇರೆ. ನ್ಯೂಜೆರ್ಸಿಯ ಕಿವಿಗೆ ಕೋಥ್ರೂಡಿನ ಕೇಬಲ್ ಕೇಳಿಸುವುದಿಲ್ಲ. ಮೈದುನನಿಗೆ ಬಾದಾಮಿ, ಅಕ್ರೋಡು ತಂದರೆ ಸಾಕೆಂದು ಹೇಳಿದೆ. ನಮ್ಮವರು ಆ ದಿನದಿಂದ ನನ್ನ ಬಿ.ಎ.ಯನ್ನು ಗೇಲಿ ಮಾಡುವುದನ್ನು ಸ್ವಲ್ಪ ಕಡಿಮೆ ಮಾಡಿದರು.

ಕೊನೆಗೆ ಆರಿಸಿದ್ದು ಹಾಪಾಗ್ ಕಂಪನಿಯ ಪಿ.ವಿ.ಆರ್.-500, ಪಾಲ್ ಮಾದರಿಯದು. ವಿಚಿತ್ರ ಹೆಸರು, ನ್ಯೂಯಾರ್ಕ್ ಹತ್ತಿರದ ಲಾಂಗ್ ಐಲ್ಯಾಂಡಿನ ಒಂದು ಊರಿನದಂತೆ. ಒಂದೇ ಕಾರ್ಡಿನಲ್ಲಿ ಎರಡು ಟ್ಯೂನರು, ಎರಡು ಕುಗ್ಗಿಸುವ ಚಿಪ್ಪು. ಕೇಬಲ್ ತಂತಿ ಸಿಕ್ಕಿಸಲು ಒಂದೇ ಬಾಯಿ, ಒಳಗೆ ಅದೇ ಎರಡಾಗಿ ಹಂಚಿಕೊಳ್ಳುತ್ತದೆ. ಬೆಲೆ ಕೇಳಿದರೆ ಹತ್ತಿರ ಹತ್ತಿರ ಒಂದು ಚಿಕ್ಕ ಟಿ.ವಿ.ಯದೇ. "ಹಾಗಾದರೆ ಟಿ.ವಿ.ಯನ್ನೇ ತರಬಹುದಿತ್ತಲ್ಲ" ಎಂದು ನಮ್ಮವರು ಮತ್ತೆ ರಾಗ ಎಳೆದರು. ಒಳಕೋಣೆಯ ಮಾತು ಆಗಲೇ ಮುಗಿದಿದೆ ಎಂದೆ.

ಕೊಳ್ಳುವ ಮುನ್ನ ಒಂದು ಪರೀಕ್ಷೆ ಉಳಿದಿತ್ತು, ಅದನ್ನು ಹೇಳಿಕೊಟ್ಟವನು ತಂಗಿಯ ಮಗ. ತಂತಿಯನ್ನು ಎರಡಾಗಿ ಹಂಚಿದರೆ ಪ್ರತಿ ಕವಲಿಗೂ ಸುಮಾರು 3.5 ಡೆಸಿಬಲ್ ನಷ್ಟ. ಅಂದರೆ ಬರುವ ಶಕ್ತಿಯಲ್ಲಿ ಅರ್ಧವೂ ಉಳಿಯುವುದಿಲ್ಲ. ಕಾರ್ಡಿಗೆ ದುಡ್ಡು ಸುರಿಯುವ ಮೊದಲು ಕೆಲವೇ ರೂಪಾಯಿಯ ಸ್ಪ್ಲಿಟರ್ ತಂದು ಟಿ.ವಿ.ಗೇ ಸಿಕ್ಕಿಸಿ ನೋಡಿ ಎಂದ. ಸಿಕ್ಕಿಸಿದೆವು. ಕ್ರಿಕೆಟ್ಟಿನ ಚಾನೆಲ್ ನಿಚ್ಚಳ; ನಮ್ಮ ಕನ್ನಡ ಮಾತ್ರ ಹಿಮಾಲಯ ಸೇರಿತು. ಸಾಲಿನ ಕಡೆಯಲ್ಲಿ ಕೂತವರ ಪಾಡೇ ಅಷ್ಟು, ತಂತಿಯಲ್ಲಿ ತರಂಗ ಮೇಲೇರಿದಷ್ಟೂ ನಷ್ಟ ಹೆಚ್ಚು. ಆಮೇಲೆ ಎರಡು ದಿನ ನಾನು ಕೇಬಲ್ಲಿನ ಹುಡುಗನ ಹಿಂದೆ ಬಿದ್ದು, ಟೆರೇಸಿನಿಂದ ನಮ್ಮ ಕಿಟಕಿಯವರೆಗೆ ಇದ್ದ ಹಳೆಯ ತೆಳ್ಳನೆಯ ತಂತಿ ತೆಗೆಸಿ ದಪ್ಪನೆಯ ಆರ್.ಜಿ.-6 ಎಳೆಸಿದೆ, ತುಕ್ಕು ಹಿಡಿದ ಎರಡು ಜೋಡಣೆಗಳನ್ನೂ ಬದಲಿಸಿದ. ಹಿಮ ಕರಗಿತು. ಸತ್ಯ ಹೇಳಬೇಕೆಂದರೆ ಇಡೀ ವ್ಯವಹಾರದಲ್ಲಿ ಅತಿ ಹೆಚ್ಚು ಪ್ರಯೋಜನವಾದದ್ದು ಆ ತಂತಿಯಿಂದ.

ಜೂನ್ ಒಂದಕ್ಕೆ ಐ.ಪಿ.ಎಲ್. ಮುಗಿಯಿತು, ಆ ವಾರವೇ ಕಾರ್ಡು ಬಂತು! ಮಗ ನಕ್ಕದ್ದೇ ನಕ್ಕದ್ದು. ಇರಲಿ, ಕ್ರಿಕೆಟ್ಟಿಗೆ ನಮ್ಮ ದೇಶದಲ್ಲಿ ಬರವೇ? ಕಂಪ್ಯೂಟರಿನ ಫ್ಯಾನಿನ ಸದ್ದು ಕೇಳಿ ಅತ್ತೆಯವರು "ಹಿಟ್ಟಿನ ಗಿರಣಿ ತಂದ್ರೇನು?" ಎಂದರು. ದಿನದ ವೇಳೆಯನ್ನು ಕೈಯಾರೆ ತುಂಬಬೇಕಿತ್ತು. ಆ ಕೆಲಸ ನನ್ನದು. ಅತ್ತೆಯವರು ಪಂಚಾಂಗದ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದುಕೊಂಡು ನನಗೆ ನೆನಪು ಮಾಡುವರು.

ನಾವು ಎಣಿಸದೆ ಇದ್ದ ಒಂದು ಲಾಭವೂ ಆಯಿತು. ಅತ್ತೆಯವರಿಗೆ ಕಿವಿ ಮಂದವಾಗುತ್ತಿತ್ತು; ಅವರು ಯಾರಿಗೂ ಹೇಳಿರಲಿಲ್ಲ. ಮುದ್ರಿಸಿದ ಧಾರಾವಾಹಿಯನ್ನು ಮರುದಿನ ಹನ್ನೊಂದು ಗಂಟೆಗೆ, ನನ್ನ ಅಡುಗೆ ಮುಗಿದ ಮೇಲೆ, ಇಬ್ಬರೂ ಕೂತು ನೋಡುವಾಗ "ಅವ ಏನಂದ? ಸ್ವಲ್ಪ ಹಿಂದಕ್ಕ ತಗೊ" ಎನ್ನುತ್ತಿದ್ದರು. ಹಿಂದಕ್ಕೆ ತೆಗೆಯುತ್ತಿದ್ದೆ. ಮತ್ತೆ ಕೇಳದಿದ್ದರೆ ನಿಲ್ಲಿಸಿ ನಾನೇ ಹೇಳುತ್ತಿದ್ದೆ. ನೇರ ಪ್ರಸಾರದಲ್ಲಿ ಅವರು ಇಷ್ಟು ತಿಂಗಳು ಅರ್ಧ ಮಾತು ಬಿಟ್ಟುಕೊಂಡೇ ನೋಡಿದ್ದರು ಎಂಬುದು ಆಗ ಗೊತ್ತಾಯಿತು. ನಿಲ್ಲಿಸಿದಾಗೊಮ್ಮೆ ಕಥೆ ಬಿಟ್ಟು ನಮ್ಮ ಮಾತು ಶುರುವಾಗುತ್ತಿತ್ತು. ಮಾವನವರು ಹೇಗೆ ಕೋರ್ಟಿನ ಕಟ್ಟೆ ಹತ್ತಿದ್ದರು, ಹೊಲ ಹೇಗೆ ಹೋಯಿತು, ಎಲ್ಲ ನಾನು ಕೇಳಿದ್ದು ಹಾಗೆ ಧಾರಾವಾಹಿಯ ನಡುವೆ. ಅರ್ಧ ಗಂಟೆಯ ಕಂತಿಗೆ ಒಂದೂವರೆ ಗಂಟೆ. ಮುಂದೆ ಟಿ.ಎನ್. ಸೀತಾರಾಮರ 'ಮುಕ್ತ ಮುಕ್ತ' ಬಂದಾಗ ಅದರ ನ್ಯಾಯಾಲಯದ ದೃಶ್ಯಗಳಿಗೆ ಮಗನೂ ಬಂದು ಕೂರತೊಡಗಿದ. ಕನ್ನಡ ಓದಲು ಬಾರದ ಹುಡುಗ ವಕೀಲರ ಕನ್ನಡ ಕಲಿತು ನನ್ನೊಡನೆ ವಾದ ಮಾಡುತ್ತಿದ್ದ. ಅತ್ತೆಯವರು ರೈಲಿನ ವೇಳೆ ಮತ್ತೊಮ್ಮೆ ಕೇಳಿದ್ದು 2009ರಲ್ಲಿ, ಅಣ್ಣನ ಮೊಮ್ಮಗಳ ಮದುವೆಗೆ. ಹೋಗುವುದರ ಜೊತೆ ಬರುವುದರ ಟಿಕೆಟ್ಟನ್ನೂ ತೆಗೆಸಿದರು.

ಈ ವೈಭವ ಐದು ವರ್ಷ ನಡೆಯಿತು. ಕೇಬಲ್ಲನ್ನು ಡಿಜಿಟಲ್ ಮಾಡುವ ಸರ್ಕಾರದ ಕಾರ್ಯಕ್ರಮದ ಎರಡನೆಯ ಹಂತದಲ್ಲಿ ಪುಣೆಯ ಹೆಸರಿತ್ತು; ಗಡುವು 2013ರ ಮಾರ್ಚ್ 31. ಅದರ ನಂತರ ತಂತಿಯೊಳಗೆ ಬರುವುದೆಲ್ಲ ಬೀಗ ಹಾಕಿದ ಡಿಜಿಟಲ್ ಸಂಕೇತ, ಕೀಲಿ ಕೈ ಸೆಟ್ ಟಾಪ್ ಬಾಕ್ಸಿನಲ್ಲಿ. ನಮ್ಮ ಕಾರ್ಡಿನ ಎರಡು ಕಿವಿಗೂ ಒಮ್ಮೆಲೇ ಕಿವುಡು. ಬಾಕ್ಸಿನಿಂದ ಹೊರಬರುವ ಚಿತ್ರವನ್ನು ಕಾರ್ಡಿಗೆ ಕೊಟ್ಟು ಮುದ್ರಿಸಬಹುದಿತ್ತು, ಆದರೆ ಒಂದು ಬಾಕ್ಸಿಗೆ ಒಂದೇ ಚಾನೆಲ್; ಎರಡು ಬೇಕೆಂದರೆ ಎರಡು ಬಾಕ್ಸು, ಎರಡು ಚಂದಾ. ನಾವು ಎರಡನೆಯ ಬಾಕ್ಸನ್ನೂ ತಂದೆವು. ಕನ್ನಡದ ಚಿತ್ರ ಮೊದಲ ಬಾರಿಗೆ ಚುಕ್ಕೆಯಿಲ್ಲದೆ ಬಂತು, ಅದನ್ನೂ ಹೇಳಬೇಕು. ಈಟಿವಿ ಕನ್ನಡ ಹೆಸರು ಬದಲಿಸಿ ಕಲರ್ಸ್ ಕನ್ನಡವಾದ 2015ರಲ್ಲೇ ಅತ್ತೆಯವರು ಹೋದರು. ಕೊನೆಯವರೆಗೂ ಅವರ ಕುರ್ಚಿ ಇದ್ದದ್ದು ಹಾಲಿನಲ್ಲಿ.

ಊರಿನಿಂದ ತಂದೆ ತಾಯಿಯನ್ನು ಕರೆತಂದಿರುವ ನಮ್ಮ ಸಂಘದ ಎಳೆಯರು ಈಗಲೂ ಒಮ್ಮೊಮ್ಮೆ ಇಂಥದ್ದೇನಾದರೂ ಮಾಡಬಹುದೇ ಎಂದು ಕೇಳುತ್ತಾರೆ. ಮೊಬೈಲು ಕೊಟ್ಟರೆ ಬೇಕಾದ ಧಾರಾವಾಹಿ ಬೇಕಾದಾಗ ಸಿಗುತ್ತದೆ, ನಿಜ; ಆದರೆ ಅಂಗೈಯಗಲದ ಪರದೆಯ ಮುಂದೆ ಇಬ್ಬರು ಕೂರುವುದು ಕಷ್ಟ. ಅದನ್ನೇ ಟಿ.ವಿ.ಗೆ ಹಾಕಿಕೊಳ್ಳಿ ಎನ್ನುತ್ತೇನೆ. ಜೋಡಿ ಟ್ಯೂನರೇ ಬೇಕೆನ್ನುವವರು ಹಳೆಯ ಕಾರ್ಡಿನ ಮೋಹಕ್ಕೆ ಬೀಳದೆ ಉಪಗ್ರಹದ ಡಿ.ವಿ.ಬಿ.-ಎಸ್2 ಟ್ಯೂನರ್ ತೆಗೆದುಕೊಳ್ಳಬೇಕು. ದೂರದರ್ಶನದ ಫ್ರೀ ಡಿಶ್‌ನಲ್ಲಿ ಚಂದನ ಮಾಸಿಕ ಚಂದಾ ಇಲ್ಲದೆ ಸಿಗುತ್ತದೆ. ಛತ್ರಿಯ ಮೂತಿಗೆ ಮಾತ್ರ ಜೋಡಿ ಎಲ್.ಎನ್.ಬಿ. ಹಾಕಿಸಿ ಎರಡು ತಂತಿ ಇಳಿಸಿ; ಒಂದೇ ತಂತಿಯನ್ನು ಕವಲೊಡೆಸಿದರೆ ಎರಡೂ ಟ್ಯೂನರು ಬೇರೆ ಬೇರೆ ಚಾನೆಲ್ಲನ್ನು ಸ್ವತಂತ್ರವಾಗಿ ಹಿಡಿಯಲಾರವು. ಛತ್ರಿ ಮುಖ ಮಾಡಬೇಕಾದದ್ದು ಪುಣೆಯಿಂದ ಆಗ್ನೇಯಕ್ಕೆ, ಅಡುಗೆಮನೆಯ ದಿಕ್ಕಿಗೆ. ಆ ಕಡೆ ತೀರ ಹತ್ತಿರದಲ್ಲಿ ಹೊಸ ಹನ್ನೆರಡು ಮಹಡಿ ಏಳುತ್ತಿದೆಯೇ ಎಂದು ಮೊದಲು ಟೆರೇಸಿಗೆ ಹೋಗಿ ನೋಡಿಕೊಳ್ಳಿ. ನಮ್ಮ ಕೋಥ್ರೂಡಿನಲ್ಲಂತೂ ಏಳುತ್ತಲೇ ಇವೆ.