ಕೌದಿಯೊಳಗಿನ ಕರಿ ಅರಿವೆ

ನಮ್ಮ ಕಡೆ ಹಳೆ ಅರಿವೆಯನ್ನು ಯಾರೂ ಎಸೆಯುವುದಿಲ್ಲ. ಉಟ್ಟು ಉಟ್ಟು ಮೆತ್ತಗಾದ ಇಳಕಲ್ ಸೀರೆ, ಗಂಡಸರ ಧೋತರ, ಮಕ್ಕಳಿಗೆ ಗಿಡ್ಡಾದ ಅಂಗಿ ಎಲ್ಲವೂ ಒಂದು ಗಂಟಾಗಿ ಮೂಲೆಯಲ್ಲಿ ಕೂರುತ್ತವೆ. ಬೇಸಿಗೆ ಬಂತೆಂದರೆ ಗಂಟು ಬಿಚ್ಚಬೇಕು, ಕೌದಿ ಹೊಲಿಯುವ ಆಯಿಯನ್ನು ಕರೆಸಬೇಕು. ಚೆಂದದ ತುಂಡುಗಳು ಮೇಲೆ ಬರುತ್ತವೆ, ಚೆಂದವಿಲ್ಲದವು ಒಳಪದರಕ್ಕೆ ಹೋಗುತ್ತವೆ. ಮನೆಯ ಎಲ್ಲರೂ ಒಂದೇ ಕೌದಿಯಲ್ಲಿ ಸೇರಿಕೊಳ್ಳುವುದು ಹೀಗೆ.

2007ರ ಬೇಸಿಗೆಯಲ್ಲಿ ಆ ಗಂಟಿಗೆ ನಾನೊಂದು ಕರಿ ಅಂಗಿ ಹಾಕಿದೆ. ಅದು ಹಳೆಯದಾಗಿರಲಿಲ್ಲ. ಅದರ ಕಥೆ ನನಗೆ ತಿಳಿದದ್ದು ಹದಿಮೂರು ವರ್ಷಗಳ ಮೇಲೆ.

ಆಗ ನನ್ನ ಮಗ ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ. ರಜೆಗೆಂದು ರಾತ್ರಿ ಬಸ್ಸು ಹತ್ತಿ ಸುರಪುರಕ್ಕೆ ಬಂದವನು ಚೀಲದಿಂದ ಕೊಳಕು ಬಟ್ಟೆ ತೆಗೆದು ಹಾಕಿದ. ಅದರಲ್ಲಿತ್ತು ಆ ಟೀ ಶರ್ಟು. ಕರಿ ಬಣ್ಣ. ಎದೆಯ ಮೇಲೆ ಚರ್ಮ ಒಣಗಿ ಎಲುಬಿಗೆ ಅಂಟಿದ ಒಂದು ಹೆಣದ ಮುಖ, ಕೆದರಿದ ಕೂದಲು, ಕೆಂಡದಂಥ ಕಣ್ಣು. ಅದರ ಮೇಲೆ ಚೂಪು ಚೂಪಾದ ಕೆಂಪು ಇಂಗ್ಲಿಷ್ ಅಕ್ಷರ. ಮನೆಯಲ್ಲಿ ನಮ್ಮ ಅತ್ತೆ ಹಾಸಿಗೆ ಹಿಡಿದಿದ್ದರು. ಮಗಳಿಗೆ ಐದು ತಿಂಗಳು. ಇಂಥ ಹೊತ್ತಿನಲ್ಲಿ ಹೆಣದ ಚಿತ್ರ ಹಗ್ಗದ ಮೇಲೆ ನೇತಾಡಿದರೆ ಯಾವ ಹೆಣ್ಣುಮಗಳ ಎದೆ ಝಲ್ಲೆನ್ನುವುದಿಲ್ಲ, ನೀವೇ ಹೇಳಿ! ಅವನು ಗೆಳೆಯರ ಮನೆಗೆ ಹೋದಾಗ ಕತ್ತರಿ ತೆಗೆದುಕೊಂಡು ಅಂಗಿಯನ್ನು ಎರಡು ಹೋಳು ಮಾಡಿದೆ.

ಎರಡು ದಿನ ಬಿಟ್ಟು ಕೇಳಿದ.

“ಅವ್ವಾ, ನನ್ನ ಕರಿ ಅಂಗಿ ಎಲ್ಲೈತಿ?”

“ಕೌದಿಗೆ ಹಾಕೀನಿ. ಅಂಥದ್ದು ಮನ್ಯಾಗ ಇರಬಾರದು ತಮ್ಮಾ.”

ಜಗಳಾಡಿದ್ದರೆ ಚೆನ್ನಾಗಿತ್ತು. “ಆಯ್ತು ಬಿಡವ್ವಾ” ಅಂದು ಸುಮ್ಮನಾದ. ಆಮೇಲಿನ ದಿನಗಳಲ್ಲಿ ಅವನ ಫೋನು ಬರುತ್ತಿತ್ತು. ಊಟ ಆಯ್ತಾ ಅಂದರೆ ಆಯ್ತು, ಪರೀಕ್ಷೆ ಹೆಂಗಾತು ಅಂದರೆ ಚೊಲೋ ಆತು. ಓದು ಮುಗಿಯಿತು, ನೌಕರಿ ಸಿಕ್ಕಿತು, ಮಾತು ಮಾತ್ರ ಅಲ್ಲಿಗೇ ನಿಂತಿತು. ಗಂಡುಮಕ್ಕಳು ದೊಡ್ಡವರಾದರೆ ಹೀಗೇ ಎಂದು ನಾನೇ ನನಗೆ ಸಮಾಧಾನ ಹೇಳಿಕೊಂಡೆ. ಅಂಗಿಯ ವಿಷಯ ನನಗೆ ಮರೆತೇ ಹೋಗಿತ್ತು.

2020ರ ಮಾರ್ಚಿನಲ್ಲಿ ದೇಶಕ್ಕೆಲ್ಲ ಬೀಗ ಬಿತ್ತಲ್ಲ, ಅದಕ್ಕೆ ಎರಡು ದಿನ ಮೊದಲು ಅವನು ಲ್ಯಾಪ್‌ಟಾಪು ಹಿಡಿದುಕೊಂಡು ಊರಿಗೆ ಬಂದುಬಿಟ್ಟ. ಹಗಲೆಲ್ಲ ಕೋಣೆಯಲ್ಲಿ ಕೆಲಸ, ರಾತ್ರಿ ಸೆಕೆಗೆ ಮಾಳಿಗೆಯ ಮೇಲೆ ಮಲಗುವುದು. ಒಂದು ರಾತ್ರಿ ಹಳೆ ಕೌದಿ ಹಾಸಿಕೊಟ್ಟೆ. ಬೆಳಿಗ್ಗೆ ಮೇಲೆ ಹೋದರೆ ಅವನು ಎದ್ದು ಕೂತು ಕೌದಿಯ ಒಂದು ಮೂಲೆಯನ್ನು ಬೆರಳಿನಿಂದ ಸವರುತ್ತಿದ್ದ. ಮೇಲಿನ ಸೀರೆತುಂಡು ಸವೆದು ಹರಿದಿತ್ತು. ಒಳಗಿನಿಂದ ಕರಿ ಅರಿವೆ, ಅದರಲ್ಲೊಂದು ಕೆಂಡದ ಕಣ್ಣು ನನ್ನನ್ನೇ ನೋಡುತ್ತಿತ್ತು.

ನನಗೆ ಕುಳಿತುಕೊಳ್ಳಬೇಕೆನಿಸಿತು. ಕುಳಿತೆ. “ಇದು ಯಾರದು, ಏನು ಅಂತ ಈಗಾದ್ರೂ ಹೇಳೋ ಯಪ್ಪಾ” ಅಂದೆ.

ಆ ಬೇಸಿಗೆಯ ಎಷ್ಟೋ ರಾತ್ರಿಗಳಲ್ಲಿ, ಮಾಳಿಗೆಯ ಮೇಲೆ, ಅವನು ಹೇಳಿದ್ದನ್ನು ನಾನು ಕೇಳಿದೆ.

ಅದು ಹಾಡುವವರ ಒಂದು ಮೇಳ. ಹೆಸರು ಐರನ್ ಮೇಡನ್, ಎಂದರೆ ಕಬ್ಬಿಣದ ಕನ್ಯೆ. ಮನುಷ್ಯನನ್ನು ಒಳಗೆ ನಿಲ್ಲಿಸಿ ಬಾಗಿಲು ಮುಚ್ಚಿದರೆ ಮೊಳೆಗಳು ಚುಚ್ಚಿ ಕೊಲ್ಲುವ, ಹೆಣ್ಣಿನ ಆಕಾರದ ಪೆಟ್ಟಿಗೆಗೆ ಯುರೋಪಿನಲ್ಲಿ ಈ ಹೆಸರಂತೆ. ಕೊಲ್ಲುವ ಪೆಟ್ಟಿಗೆಗೂ ಹೆಣ್ಣಿನ ಆಕಾರವೇ ಬೇಕಾಗಿತ್ತೇ ಎಂದು ನಾನು ಸಿಡುಕಿದೆ. ಅವನು ನಕ್ಕ. ಮಧ್ಯಯುಗದಲ್ಲಿ ಅಂಥ ಪೆಟ್ಟಿಗೆ ಬಳಸಿದ್ದಕ್ಕೆ ಪುರಾವೆಯೇ ಇಲ್ಲವಂತೆ. 18ನೇ ಶತಮಾನದ ಕೊನೆಗೆ ಹುಟ್ಟಿದ ಕಟ್ಟುಕಥೆ ಅದು. ಮುಂದಿನ ಶತಮಾನದಲ್ಲಿ ಪೆಟ್ಟಿಗೆಗಳನ್ನು ಮಾಡಿಟ್ಟು ಜನರಿಗೆ ತೋರಿಸಿದರಂತೆ. ಒಳಗೆ ಏನೂ ಇಲ್ಲದೆ ಹೆದರಿಸುವ ವಸ್ತು ಎಂದಾಯಿತು. ನಾನು ಕತ್ತರಿಸಿದ ಚಿತ್ರವೂ ಅಂಥದ್ದೇ. ಅದಕ್ಕೆ ಎಡ್ಡಿ ಎಂದು ಹೆಸರು. ಡೆರೆಕ್ ರಿಗ್ಸ್ ಎಂಬ ಚಿತ್ರಕಾರ ಬರೆದದ್ದು, 1980ರ ಮೊದಲ ಆಲ್ಬಮ್ಮಿನಿಂದ ಇಂದಿನವರೆಗೂ ಮೇಳದ ಜೊತೆಗಿದೆ.

“ನಮ್ಮ ವೀರಭದ್ರನ ಮುಖ ಏನ್ ಸೌಮ್ಯ ಐತೇನವ್ವಾ?” ಎಂದು ಕೇಳಿದ. ಪುರವಂತರು ಖಡ್ಗ ಝಳಪಿಸಿ ಒಡಪು ಹೇಳುವಾಗ, ಹಲಗೆಯ ಸದ್ದಿಗೆ ಎದೆ ನಡುಗುವಾಗ ನಾನೇ ಕೈಮುಗಿದು ನಿಂತವಳು. ಉತ್ತರ ಹೊಳೆಯಲಿಲ್ಲ.

ಈ ಬಗೆಯ ಸಂಗೀತಕ್ಕೆ ಹೆವಿ ಮೆಟಲ್ ಎನ್ನುತ್ತಾರೆ. ಅದಕ್ಕೆ ನಾಂದಿ ಹಾಡಿದವರಲ್ಲಿ ಬರ್ಮಿಂಗ್‌ಹ್ಯಾಮ್ ಎಂಬ ಕಾರ್ಖಾನೆಗಳ ಊರಿನ ಬ್ಲ್ಯಾಕ್ ಸಬ್ಬತ್ ಎಂಬ ಮೇಳ ಮೊದಲಿನದು. ಅದರ ಗಿಟಾರ್ ವಾದಕ ಟೋನಿ ಅಯೋಮಿ ಹದಿನೇಳನೇ ವಯಸ್ಸಿನಲ್ಲಿ ತಗಡಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ. ಕೆಲಸ ಬಿಡುವ ಕೊನೆಯ ದಿನವೇ ಯಂತ್ರಕ್ಕೆ ಸಿಕ್ಕು ಬಲಗೈಯ ಎರಡು ಬೆರಳ ತುದಿ ಹೋದವು. ಎಡಚನಾದ್ದರಿಂದ ಅವನಿಗೆ ತಂತಿ ಒತ್ತುವ ಕೈ ಅದೇ. ಹುಡುಗ ಸೋಲಲಿಲ್ಲ. ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೊಪ್ಪಿಗೆ ಮಾಡಿಕೊಂಡ, ಮೇಲೆ ಚರ್ಮದ ತುಂಡು ಅಂಟಿಸಿದ. ನೋವಾಗದಂತೆ ಮುಂದೆ ತಂತಿಗಳನ್ನೇ ಸಡಿಲು ಬಿಟ್ಟ. ತಂತಿ ಸಡಿಲಾದರೆ ನಾದ ತಗ್ಗುತ್ತದೆ, ಭಾರವಾಗುತ್ತದೆ. 1970ರಲ್ಲಿ ಅವರ ಮೊದಲ ಆಲ್ಬಮ್ ಬಂತು. ಹೊಲಿಯುವಾಗ ಬೆರಳಿಗೆ ಟೊಪ್ಪಿಗೆ ಹಾಕಿಕೊಳ್ಳುವ ನಮಗೆ ಇದು ಅರ್ಥವಾಗದ ಮಾತೇ? ನಾನು ಬರೀ ಗದ್ದಲ ಎಂದುಕೊಂಡಿದ್ದರಲ್ಲಿ ಒಬ್ಬ ಕೂಲಿ ಹುಡುಗನ ಬೆರಳ ನೋವು ಇತ್ತು.

ಐರನ್ ಮೇಡನ್ ಹುಟ್ಟಿದ್ದು 1975ರ ಡಿಸೆಂಬರ್ 25ರಂದು, ಲಂಡನ್ನಿನ ಪೂರ್ವ ಭಾಗದ ಲೇಟನ್ ಎಂಬಲ್ಲಿ. ಕಟ್ಟಿದವನು ಸ್ಟೀವ್ ಹ್ಯಾರಿಸ್, ವಯಸ್ಸು ಹತ್ತೊಂಬತ್ತು. ಕಟ್ಟಡಗಳ ನಕ್ಷೆ ಬರೆಯುವ ಕೆಲಸ ಮಾಡಿದವನು, ಆ ಕೆಲಸ ಹೋದ ಮೇಲೆ ಬೀದಿ ಗುಡಿಸಿದವನು. ಕಂಪನಿಗಳು ಕೇಳದ ಕಾಲಕ್ಕೆ 1979ರಲ್ಲಿ ತಾವೇ ಒಂದು ಪುಟ್ಟ ರೆಕಾರ್ಡು ಹೊರತಂದು, ಐದು ಸಾವಿರ ಪ್ರತಿಗಳನ್ನು ಅಂಚೆಯ ಮೂಲಕ ಮಾರಿದರು. 1981ರಲ್ಲಿ ಹಾಡುಗಾರ ಪಾಲ್ ಡಿಆ್ಯನೊ ಹೋಗಿ ಬ್ರೂಸ್ ಡಿಕಿನ್ಸನ್ ಬಂದ. ಮರುವರ್ಷದ ಆಲ್ಬಮ್ ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೇರಿತು.

ಆ 1982ರ ಆಲ್ಬಮ್ಮಿನ ಒಂದು ಹಾಡನ್ನು ಮಗ ನನಗೆ ಕೇಳಿಸಿದ. ‘ರನ್ ಟು ದ ಹಿಲ್ಸ್’ ಅದರ ಹೆಸರು, ಬೆಟ್ಟಗಳಿಗೆ ಓಡಿ ಎಂದರ್ಥ. ಬಿಳಿಯರು ಅಮೆರಿಕಕ್ಕೆ ಹೋಗಿ ಅಲ್ಲಿನ ಮೂಲ ಜನರನ್ನು ಕೊಂದು ಓಡಿಸಿದ ಕಥೆ. ಬಿಳಿಯರೇ ತಮ್ಮವರ ಪಾಪವನ್ನು ಹಾಡಿದ್ದಾರಲ್ಲ ಎಂದು ಬೆರಗಾಯಿತು. ನಮ್ಮೂರಿನ ಗುಡ್ಡದ ಮೇಲೆ ಮೆಡೋಸ್ ಟೇಲರನ ಬಂಗಲೆ ಇನ್ನೂ ನಿಂತಿದೆ. ಬಾಲಕ ರಾಜನ ಕಾಲದಲ್ಲಿ ಸಂಸ್ಥಾನದ ಉಸ್ತುವಾರಿ ನೋಡಿದ ಆ ಸಾಹೇಬ 1853ರಲ್ಲಿ ಇಲ್ಲಿಂದ ಹೋದ. ಐದೇ ವರ್ಷದಲ್ಲಿ, 1858ರಲ್ಲಿ, ಬೆಳೆದ ರಾಜಾ ವೆಂಕಟಪ್ಪ ನಾಯಕ ಬ್ರಿಟಿಷರ ವಿರುದ್ಧ ಎದ್ದು, ಸೋತು, ಸೆರೆಯಾಗಿ ಪ್ರಾಣ ಬಿಟ್ಟ. ಬೆಟ್ಟದ ಊರಿನವರಿಗೆ ಆ ಹಾಡಿನ ಅರ್ಥ ಹೇಳಿಕೊಡಬೇಕಾಗಿಲ್ಲ. “ಈ ಹಾಡು ಕೇಳಿದಾಗ ನನಗ ನಮ್ಮೂರ ನೆನಪಾಗ್ತದವ್ವಾ” ಅಂದ. ಬೆಂಗಳೂರು ಸೇರಿ ಊರು ಮರೆತ ಎಂದು ನಾನು ಅವನ ಮೇಲೆ ದೂರು ಹೇಳುತ್ತಿದ್ದೆ!

ಆಮೇಲೆ ಅಂಗಿಯ ಮಾತು ಬಂತು. 2007ರ ಮಾರ್ಚ್ 17ರಂದು ಐರನ್ ಮೇಡನ್ ಬೆಂಗಳೂರಿನ ಅರಮನೆ ಮೈದಾನದಲ್ಲಿ ಹಾಡಿತು. ಅದು ಭಾರತದಲ್ಲಿ ಅವರ ಮೊದಲ ಕಚೇರಿ. ದೇಶದ ಮೂಲೆ ಮೂಲೆಯಿಂದ ಹುಡುಗರು ಬಂದಿದ್ದರು. ನಮ್ಮವನು ಟಿಕೇಟಿನ ದುಡ್ಡಿಗೆ ನಮ್ಮನ್ನು ಕೇಳಿರಲಿಲ್ಲ. ಬಾಡಿಗೆ ಮನೆಯ ಮಾಲಕರ ಮಕ್ಕಳಿಗೆ ಮೂರು ತಿಂಗಳು ಗಣಿತ ಹೇಳಿಕೊಟ್ಟು ಕೂಡಿಸಿದ್ದ. ಮಧ್ಯಾಹ್ನದಿಂದ ಬಿಸಿಲಲ್ಲಿ ನಿಂತಿದ್ದ. ಮೊದಲು ಹಾಡಿದವರಲ್ಲಿ ಸ್ಟೀವ್ ಹ್ಯಾರಿಸನ ಮಗಳು ಲಾರೆನ್ ಹ್ಯಾರಿಸ್ ಕೂಡ ಇದ್ದಳಂತೆ. ಅಪ್ಪನ ಮೇಳಕ್ಕೆ ಮುಂಚೆ ಮಗಳ ಹಾಡು.

“ಆಕಿನ್ನ ನೋಡಿದಾಗ ಅನ್ನಿಸ್ತು, ಊರಿಗೆ ಹೋಗಿ ಅವ್ವಗ ಎಲ್ಲಾ ಹೇಳಬೇಕು ಅಂತ. ಅದಕ್ಕ ಆ ಅಂಗಿ ತಂದಿದ್ದೆ. ಬಂದ ದಿನ ನೀ ಅಜ್ಜಿ ಸೇವಾದಾಗ ಇದ್ದಿ. ನಾಳಿ ಹೇಳಿದ್ರಾತು ಅಂತ ಬಿಟ್ಟೆ.”

ಆ ‘ನಾಳೆ’ ಬರುವುದರೊಳಗೆ ನಾನು ಕತ್ತರಿ ಹಿಡಿದಿದ್ದೆ.

ಎರಡು ದಿನ ನನಗೆ ಊಟ ಸೇರಲಿಲ್ಲ. ಮಗನಿಗೆ ಬೈಯುವುದು ನಮಗೆ ಗೊತ್ತು, ತಪ್ಪಾಯಿತು ಎನ್ನುವುದು ಗೊತ್ತಿಲ್ಲ. ನಾಲಿಗೆಯ ಮೇಲೆ ಬಂದ ಮಾತು ಗಂಟಲಿಗೆ ವಾಪಸು ಹೋಗುತ್ತಿತ್ತು. ದಾರಿ ತೋರಿಸಿದ್ದು ಆ ಮೇಳದ ಮುಂದಿನ ಕಥೆಯೇ.

1990ರಲ್ಲಿ ಅವರ ಗಿಟಾರ್ ವಾದಕ ಏಡ್ರಿಯನ್ ಸ್ಮಿತ್ ಮೇಳ ಬಿಟ್ಟ. ಅವನ ಜಾಗಕ್ಕೆ ಜ್ಯಾನಿಕ್ ಗರ್ಸ್ ಬಂದ. 1993ರಲ್ಲಿ ಡಿಕಿನ್ಸನ್ನನೂ ಹೊರಟುಹೋದ. ಹೊಸ ಹಾಡುಗಾರ ಬಂದ, ಆದರೆ ಮೊದಲಿನಂತೆ ಜನ ಸೇರಲಿಲ್ಲ. 1999ರಲ್ಲಿ ಹೋದವರಿಬ್ಬರೂ ತಿರುಗಿ ಬಂದರು. ಈಗ ಕೇಳಿ, ಸ್ಮಿತ್ ಬಂದನೆಂದು ಒಂಬತ್ತು ವರ್ಷ ದುಡಿದ ಗರ್ಸ್‌ನನ್ನು ಕಳಿಸಿಬಿಡಲಿಲ್ಲ. ಅವನೂ ಇರಲಿ ಎಂದರು. ಅಂದಿನಿಂದ ಅವರದು ಮೂರು ಗಿಟಾರಿನ ಮೇಳ. 1982ರಲ್ಲೇ ಮೇಳ ಬಿಟ್ಟಿದ್ದ ಡ್ರಮ್ ವಾದಕ ಕ್ಲೈವ್ ಬರ್‌ಗೆ ಮುಂದೆ ನರಗಳ ಕಾಯಿಲೆಯಾದಾಗ ಅವನಿಗಾಗಿ ಕಚೇರಿ ಮಾಡಿ ದುಡ್ಡು ಕೂಡಿಸಿದರು. ಅವನು 2013ರಲ್ಲಿ ತೀರಿಕೊಂಡ. ತಿರುಗಿ ಬಂದ ಡಿಕಿನ್ಸನ್‌ಗೆ ವಿಮಾನ ನಡೆಸುವುದೂ ಗೊತ್ತಿತ್ತು. 2008ರಲ್ಲಿ ಇಡೀ ಮೇಳವನ್ನು ಸಾಮಾನಿನ ಸಮೇತ ತಾನೇ ವಿಮಾನದಲ್ಲಿ ಹೊತ್ತು ಮುಂಬಯಿಗೆ ಬಂದ. ಕೆಲವು ವರ್ಷಗಳ ಮೇಲೆ ಅವನ ನಾಲಿಗೆಯ ಬುಡದಲ್ಲಿ ಕ್ಯಾನ್ಸರ್ ಕಂಡಿತು. 2015ರಲ್ಲಿ ಗುಣವಾಯಿತು, ಮುಂದೆ ಮತ್ತೆ ಹಾಡಿದ.

ನಮ್ಮ ಮನೆಗಳಲ್ಲಿ ಬಿಟ್ಟುಹೋದವರ ತಾಟನ್ನು ಎಷ್ಟು ಬೇಗ ಎತ್ತಿಡುತ್ತೇವೆ! ತವರಿಗೆ ಸಿಟ್ಟಾಗಿ ಹೋದ ಸೊಸೆ, ಪಾಲು ಕೇಳಿ ಹೊರಬಿದ್ದ ಮೈದುನ, ತಿರುಗಿ ಬಂದರೆ ಬಾಗಿಲಲ್ಲೇ ಲೆಕ್ಕ ಕೇಳುತ್ತೇವೆ. ಅವರು ಲೆಕ್ಕ ಕೇಳದೆ ಇನ್ನೊಂದು ಗಿಟಾರಿಗೆ ಜಾಗ ಮಾಡಿದರು. ಕೂಗಾಡುವವರೆಂದು ನಾನು ತಿಳಿದವರಿಂದ ಈ ವಿವೇಕ ಕಲಿಯಬೇಕಾಯಿತು.

ಆ ರಾತ್ರಿ ಹೇಳಿಬಿಟ್ಟೆ. “ತಪ್ಪಾತೋ ತಮ್ಮಾ. ಕೇಳದ ಕತ್ತರಿಸಬಾರದಿತ್ತು.”

ಕತ್ತಲಲ್ಲಿ ಅವನ ಮುಖ ಕಾಣಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, “ಅಂಗಿ ಹೋದದ್ದಕ್ಕಲ್ಲವ್ವಾ. ಇದೇನು ಅಂತ ನೀ ಒಂದ್ ಮಾತ ಕೇಳಲಿಲ್ಲಲ್ಲ, ಅದು ಕುಂತುಬಿಟ್ಟಿತ್ತು” ಅಂದ. ಆಮೇಲೆ ಅವನೇ ಧ್ವನಿ ಬದಲಿಸಿ, “ಇನ್ನರ್ಧ ಎಲ್ಲೈತಿ?” ಎಂದು ಕೇಳಿದ.

ನೆನಪು ಮಾಡಿಕೊಂಡೆ. ಆ ವರ್ಷ ಎರಡು ಕೌದಿ ಹೊಲಿಸಿದ್ದೆ. ಸಣ್ಣದು ಮಗಳ ಬಾಣಂತನಕ್ಕೆ. ಅಂದರೆ ನನ್ನ ಮೊಮ್ಮಗಳು ಹುಟ್ಟಿದಾಗಿನಿಂದ ಎರಡು ವರ್ಷ ಆ ಹೆಣದ ಮುಖದ ಮೇಲೆಯೇ ಮಲಗಿ ನಿದ್ದೆ ಮಾಡಿದ್ದಾಳೆ. ಒಂದು ದಿನ ಬೆಚ್ಚಿಬಿದ್ದವಳಲ್ಲ. ಇದನ್ನು ಹೇಳಿದಾಗ ಮಗ ಎಷ್ಟು ನಕ್ಕನೆಂದರೆ ಪಕ್ಕದ ಮಾಳಿಗೆಯವರು ಎದ್ದು ಕೂತರು. ಅವನು ಹಾಗೆ ನಕ್ಕದ್ದು ಕೇಳಿ ಹದಿಮೂರು ವರ್ಷವಾಗಿತ್ತು.

ಹರಿದ ಕೌದಿಗೆ ಹೊಸ ತೇಪೆ ಹಾಕೋಣವೆಂದು ಸೂಜಿ ತೆಗೆದರೆ ಮಗ ಬೇಡವೆಂದ. ಅದಕ್ಕೆ ಸವೆದ ಸೀರೆಯ ಅಂಚನ್ನು ಒಳಕ್ಕೆ ಮಡಚಿ, ಕರಿ ಅರಿವೆ ಕಾಣುವಂತೆ ಸುತ್ತಲೂ ಕೆಂಪು ದಾರದ ಹೊಲಿಗೆ ಹಾಕಿಕೊಟ್ಟೆ. ಬಸ್ಸು ಶುರುವಾದ ಮೇಲೆ ಕೌದಿ ಅವನ ಜೊತೆ ಬೆಂಗಳೂರಿಗೆ ಹೋಯಿತು.

ಈಗಲೂ ಫೋನು ಮಾಡುತ್ತಾನೆ. 2024ರ ಅಕ್ಟೋಬರಿನಲ್ಲಿ, “ಅವ್ವಾ, ಡಿಆ್ಯನೊ ತೀರಿಕೊಂಡ್ನಂತ” ಎಂದು ನನಗೇ ಮೊದಲು ಹೇಳಿದ. 2025ರ ಡಿಸೆಂಬರಿಗೆ ಆ ಮೇಳ ಹುಟ್ಟಿ ಐವತ್ತು ವರ್ಷ. ಅವರ ಹಾಡು ನನಗೆ ಇಷ್ಟವಾಯಿತೆಂದು ಸುಳ್ಳು ಹೇಳಲಾರೆ. ಕಿವಿಗೆ ಇನ್ನೂ ಭಾರವೇ. ಆದರೆ ಮಗ ಕೇಳಿಸಿದರೆ ಪೂರ್ತಿ ಕೇಳುತ್ತೇನೆ, ಮುಗಿದ ಮೇಲೆ “ಇದು ಯಾರ ಕಥಿಯೋ ತಮ್ಮಾ?” ಎನ್ನುತ್ತೇನೆ.