ಕಪ್ಪೆರಾಯನ ಪತ್ರ

ನರಕಕ್ಕೆ ಹೋಗಿ ಬಂದವರು ಮತ್ತೆ ಅಲ್ಲಿಗೆ ಹೋಗಲು ಹಂಬಲಿಸುವುದುಂಟೆ? ನಮ್ಮ ಭಾವನವರು ಹಂಬಲಿಸುತ್ತಾರೆ. ಅಮೆರಿಕದ ಫ್ಲಾರಿಡಾದಲ್ಲಿ ಡಿಸ್ನಿಯವರು 1971ರಲ್ಲಿ ತೆರೆದ ‘ಮ್ಯಾಜಿಕ್ ಕಿಂಗ್‌ಡಮ್’ ಎಂಬ ವಿನೋದವನದಲ್ಲಿ ‘ಮಿಸ್ಟರ್ ಟೋಡ್’ ಎಂಬ ಕಪ್ಪೆರಾಯನ ಮೋಟಾರು ಸವಾರಿಯೊಂದಿತ್ತು. ಗಾಡಿ ಕತ್ತಲಲ್ಲಿ ಅಡ್ಡಾದಿಡ್ಡಿ ಓಡಿ, ಎದುರು ಬಂದ ರೈಲಿಗೆ ಬಡಿದು, ಸವಾರರೆಲ್ಲ ನೇರವಾಗಿ ನರಕಕ್ಕೆ! ಅಕ್ಕನ ಮನೆಯವರು ಅಲ್ಲಿಯೇ ನೆಲೆಸಿದವರು. ಭಾವನವರು ಪುಟ್ಟ ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಆ ನರಕವನ್ನು ಹಲವು ಸಲ ಕಂಡಿದ್ದರು. 1998ರಲ್ಲಿ ಅದನ್ನು ಮುಚ್ಚಿ, ಮರುವರ್ಷ ಅಲ್ಲಿ ‘ವಿನ್ನಿ ದ ಪೂ’ ಎಂಬ ಕರಡಿಯ ಸವಾರಿಯನ್ನು ತೆರೆದರು. ಮಗನೂ ಈಗ ದೂರದ ಊರಿನಲ್ಲಿ ಸಂಸಾರಸ್ಥ.

ಕಳೆದ ಬೇಸಗೆಯಲ್ಲಿ ಭಾವನವರೊಡನೆ ಕರಡಿಯ ಗಾಡಿ ಹತ್ತಿದೆ. ಗೂಬೆಯ ಮನೆ ಬಂದಾಗ, “ಅಗೋ, ಗೋಡೆ ನೋಡಯ್ಯ!” ಎಂದರು. ಅಲ್ಲೊಂದು ಸಣ್ಣ ಚಿತ್ರ: ಕಪ್ಪೆರಾಯ ಮನೆಪತ್ರವನ್ನು ಗೂಬೆಯ ಕೈಗೆ ಒಪ್ಪಿಸುತ್ತಿದ್ದಾನೆ.

ಆ ಸವಾರಿಯನ್ನು ನಾನು ಕಂಡವನಲ್ಲ. ಆದರೂ ಎದೆ ಚುರ್ರೆಂದಿತು. ನಮ್ಮೂರಿನ ಟೆಂಟು ಸಿನಿಮಾ ಹೋಯಿತು, ಜಾತ್ರೆಯ ಮರದ ತೊಟ್ಟಿಲು ಹೋಯಿತು. ಯಾರು ಯಾರಿಗೆ ಪತ್ರ ಬರೆದುಕೊಟ್ಟರು? ಹೋಗುವುದು ಹೋಗಲೇಬೇಕು, ನಿಜ. ಬಂದವನು ಹೋದವನ ಹೆಸರನ್ನೊಮ್ಮೆ ಹೇಳಿದರೆ ಅಷ್ಟರಮಟ್ಟಿಗೆ ಋಣ ತೀರಿದಂತೆ.

ಮಗನಿಗೆ ಕಳುಹಿಸಲೆಂದು ಭಾವನವರು ಫೋನೆತ್ತುವಷ್ಟರಲ್ಲಿ ಗಾಡಿ ಮುಂದೆ ಸಾಗಿತ್ತು. “ಇನ್ನೊಂದು ಸಲ ಹತ್ತೋಣವೆ?” ಎಂದರು. ಸಾಲು ಬಹಳ ಉದ್ದವಿತ್ತು. ಹೋಗಿ ನಿಂತೆವು.